ಅಜ್ಜಿ ಒಂದೇ ಸಲ ಕೂರುತ್ತಾಳೆ

ಪಿನಾಂಗ್
ಜುಲೈ 3, 1983

ಆಕೂ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಸುದ್ದಿ. ನಾನು ಟ್ಯಾಂಕ್ ಕೊಂಡಿದ್ದೇನೆ! ಫಿಲ್ಮ್ ತೊಳೆಯುವ ಟ್ಯಾಂಕ್. ಕರಿಯ ಡಬ್ಬಿ, ಮುಚ್ಚಳದಲ್ಲಿ ತೂತು, ಒಳಗೊಂದು ಬಿಳಿ ಚಕ್ರ. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಒಬ್ಬ ಮುದುಕ ಇದನ್ನು ಒಡೆದ ಜಾಡಿಗಳ ನಡುವೆ ಇಟ್ಟುಕೊಂಡು ಕೂತಿದ್ದ. "ಇದೇನು ತಾತ?" ಅಂದೆ. "ಯಾರಿಗ್ಗೊತ್ತಮ್ಮ, ಬಿಸ್ಕೆಟ್ ಹಾಕಿಡು" ಅಂದ. ದಿನವಿಡೀ ಬಿಸ್ಕೆಟ್ ಅಂಗಡಿಯಲ್ಲೇ ದುಡಿಯುವ ನನಗೆ ಹೇಳಬೇಕಾದ ಮಾತೇ ಅದು? ನಗು ತಡೆದುಕೊಂಡು, ಅವನು ಮನಸ್ಸು ಬದಲಿಸುವ ಮೊದಲು ಎತ್ತಿಕೊಂಡು ಬಂದೆ.

ನಮ್ಮ ಮನೆಯಲ್ಲಿ ಆಕೂ ಅಂದರೆ, ಸೋದರಮಾವ ಅಂದರೆ, ಕ್ಯಾಮೆರಾ. ತಾತ ನಿಮ್ಮ ಹೆಸರನ್ನೇ ಬೋರ್ಡಿಗೆ ಬರೆಸಿದ್ದರಂತೆ, 'ಬೂನ್ ಟಾಟ್ ಫೋಟೋ ಸ್ಟುಡಿಯೋ' ಅಂತ. ಅದು ಮುಚ್ಚಿದಾಗ ನಾನು ಐದು ವರ್ಷದವಳು, ಏನೂ ನೆನಪಿಲ್ಲ. ಆದ್ದರಿಂದ ನೀವೇ ಹೇಳಿಕೊಡಬೇಕು. ಕಪ್ಪು ಬಿಳುಪು ಫಿಲ್ಮು, ಚಿತ್ರ ಮೂಡಿಸುವ ಡೆವಲಪರ್ ಪುಡಿ, ಮೂಡಿದ್ದನ್ನು ಅಳಿಯದಂತೆ ಹಿಡಿದಿಡುವ ಹೈಪೋ ಎಲ್ಲವನ್ನೂ ನನ್ನ ಹಳೆ ಶಾಲೆಯ ಫೋಟೋ ಸಂಘದ ಮೇಷ್ಟ್ರು ಕೊಟ್ಟಿದ್ದಾರೆ. ಅವರಿಗೆ ಫೋಟೋ ದೊಡ್ಡದು ಮಾಡಲು ಬರುತ್ತದೆ, ಫಿಲ್ಮ್ ತೊಳೆಯಲು ಬರುವುದಿಲ್ಲ. ಅದನ್ನು ಅಂಗಡಿಗೆ ಕಳಿಸುತ್ತಾರೆ.

ಅಮ್ಮನನ್ನು ಕೇಳೋಣವೆಂದರೆ, ಅವಳು ಸ್ಟುಡಿಯೋದ ಮಾತೇ ಎತ್ತುವುದಿಲ್ಲ. "ಹುಡುಗ ಫೋಟೋ ತೆಗೀತಿದ್ದ, ಹುಡುಗಿ ಹಿಂದ್ಗಡೆ ಸೀಸೆ ತೊಳೀತಿದ್ಲು" ಅಂತ ಅಜ್ಜಿ ಹೇಳುತ್ತಾಳೆ. ಟ್ಯಾಂಕ್ ತೋರಿಸಿದಾಗ ಅಮ್ಮ ಮುಚ್ಚಳ ತೆರೆದು ಮೂಸಿ ನೋಡಿದಳು. ಆಮೇಲೆ "ಅನ್ನ ಆರಿ ಹೋಗುತ್ತೆ, ಉಣ್ಣು" ಅಂದಳು. ಅವಳಿಗೆ ಇಷ್ಟವಿಲ್ಲ ಅಂತ ಕಾಣುತ್ತದೆ.

ಇಷ್ಟು ಅವಸರ ಯಾಕೆಂದರೆ, ಅಜ್ಜಿ! ಎಪ್ಪತ್ತೆಂಟಾದರೂ, ತಾನು ಸತ್ತ ಮೇಲೆ ಪೂಜೆಯ ಪೀಠದ ಮೇಲಿಡಬೇಕಾದ ಫೋಟೋ ಅವಳು ಇನ್ನೂ ತೆಗೆಸಿಲ್ಲ. ಗಟ್ಟಿಮುಟ್ಟಾಗಿರುವಾಗಲೇ ತೆಗೆಸಿಡು ಅಂತ ಬಂದವರೆಲ್ಲ ಹೇಳುತ್ತಾರೆ. ಪಕ್ಕದ ಮನೆಯ ಮುದುಕಿ ಸತ್ತಾಗ ಅಂಗಡಿಯವರು ಅವಳ ಫೋಟೋವನ್ನು ಎಷ್ಟು ತಿದ್ದಿದ್ದರೆಂದರೆ ಮಕ್ಕಳಿಗೇ ಗುರುತು ಸಿಗಲಿಲ್ಲ. ಅದನ್ನು ಕಂಡಂದಿನಿಂದ ಅಜ್ಜಿ, "ನಂಗೂ ಯಾರ್ದೋ ಮೂಗು ಅಂಟಿಸ್ತಾರೆ. ಆಮೇಲೆ ನೀವು ಊದಿನಕಡ್ಡಿ ಹಚ್ಚೋದು ಯಾರಿಗೆ?" ಅನ್ನುತ್ತಾಳೆ. ಮೊನ್ನೆ ಟ್ಯಾಂಕ್ ನೋಡಿ ಹತ್ತಿರ ಬಂದಳು. "ಮನೇಲೇ ತೊಳೀತೀಯಾ? ಹಂಗಾದ್ರೆ ಕೂರ್ತೀನಿ. ಆದ್ರೆ ಒಂದೇ ಸಲ. ಪದೇ ಪದೇ ಕೂತ್ರೆ ಯಮನಿಗೆ ಅವಸರ ಮಾಡ್ದಂಗಾಗುತ್ತೆ." ಪ್ರೇತಗಳ ತಿಂಗಳು ಮುಗಿದ ಮಾರನೇ ದಿನ, ನಮ್ಮ ಚೀನೀ ಪಂಚಾಂಗದ ಎಂಟನೇ ತಿಂಗಳ ಮೊದಲ ದಿನ ಕೂರುತ್ತಾಳಂತೆ. ಅಂದರೆ ಸೆಪ್ಟೆಂಬರ್ ಏಳು.

ಎರಡು ತಿಂಗಳು ಇದೆ ಆಕೂ. ಅಷ್ಟರಲ್ಲಿ ನನ್ನ ಕೈ ಪಳಗಬೇಕು. ಬೇಗ ಬರೆಯಿರಿ.

ನಿಮ್ಮ ಸೊಸೆ
ಪೇಕ್ ಹೂನ್


ಸಂಡಕಾನ್
ಜುಲೈ 13, 1983

ಹೂನ್ ಮರಿ,

ನಿನ್ನ ಪತ್ರವನ್ನು ಮರದ ಡಿಪೋದಲ್ಲೇ ನಿಂತು ಓದಿದೆ. ದಿಮ್ಮಿಗಳ ಮೇಲೆ ನಂಬರು ಹೊಡೆಸುವ ಈ ಕೆಲಸದಲ್ಲಿ ನಗುವುದಕ್ಕೆ ಕಾರಣ ಸಿಗುವುದು ಕಡಿಮೆ. ಒಬ್ಬನೇ ನಗುತ್ತಿದ್ದದ್ದನ್ನು ಕಂಡು ಕೂಲಿಯವರು ಮಾಲೀಕನಿಗೆ ಹೇಳಬೇಕೇ ಎಂದು ಯೋಚಿಸುತ್ತಿದ್ದರು.

ಕೇಳಬೇಕಾದವನನ್ನೇ ಕೇಳಿದ್ದೀಯ. ಊರಿನ ಅರ್ಧ ಮದುವೆಗಳು ಈ ಕಣ್ಣಿನ ಮುಂದೆ ನಡೆದಿವೆ. ನಿನ್ನ ಆಕೂ ಕ್ಯಾಮೆರಾ ಹಿಡಿದು ಬಂದನೆಂದರೆ ಮದುಮಗಳ ಅತ್ತೆಯೂ ಹಲ್ಲು ಕಿರಿಯುತ್ತಿದ್ದಳು!

ಫಿಲ್ಮ್ ತೊಳೆಯುವುದೇನೂ ಬ್ರಹ್ಮವಿದ್ಯೆಯಲ್ಲ. ಕತ್ತಲಲ್ಲಿ ಫಿಲ್ಮನ್ನು ಚಕ್ರಕ್ಕೆ ಸುತ್ತಿ ಟ್ಯಾಂಕಿನೊಳಗಿಟ್ಟು ಮುಚ್ಚಳ ಹಾಕು. ಅಲ್ಲಿಂದಾಚೆಗೆ ಬೆಳಕಿನಲ್ಲೇ ಕೆಲಸ. ಪುಡಿಯನ್ನು ನಲ್ಲಿ ನೀರಿನಲ್ಲಿ ಕಲಸಿ ತೂತಿನಿಂದ ಸುರಿ. ಒಂಬತ್ತು ನಿಮಿಷ ಬಿಡು, ಆಗಾಗ ಟ್ಯಾಂಕನ್ನು ತಲೆಕೆಳಗು ಮಾಡು. ಅದನ್ನು ಚೆಲ್ಲಿ ಹೈಪೋ ಹಾಕು, ಹತ್ತು ನಿಮಿಷ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆ. ಇಷ್ಟೇ.

ಅಮ್ಮನನ್ನು ಇದರಲ್ಲಿ ಎಳೆಯಬೇಡ. ಅವಳಿಗೆ ಆ ವಾಸನೆ ಆಗುವುದಿಲ್ಲ.

ನನ್ನ ಅಮ್ಮ ಫೋಟೋಗೆ ಕೂರುತ್ತಾಳೆಂದು ಓದಿದೆ. ಮುಖ ನೋಡಿ ಆರು ವರ್ಷವಾಯಿತು. ಫೋಟೋ ಚೆನ್ನಾಗಿ ಬರಲಿ. ನನಗೂ ಒಂದು ಪ್ರತಿ ಕಳಿಸು.

ಆಕೂ


ಪಿನಾಂಗ್
ಜುಲೈ 23, 1983

ಆಕೂ! ಆಕೂ!

ಒಂದು ಬಂತು! ಮೂವತ್ತಾರರಲ್ಲಿ ಒಂದು, ಆದರೆ ಬಂತು!

ನಡೆದದ್ದನ್ನು ಹೇಳುತ್ತೇನೆ. ಬಟ್ಟೆ ಬೀರುವಿನೊಳಗೆ ಕೂತು ಮೇಲೆ ಎರಡು ಕಂಬಳಿ ಹೊದ್ದುಕೊಂಡೆ. ಬೆವರು ನೀರಾಗಿ ಹರಿಯಿತು. ಫಿಲ್ಮು ಚಕ್ರದ ಹಾದಿಗೆ ಏರಲೇ ಇಲ್ಲ. ಏರಿತು ಅಂದುಕೊಂಡರೆ ಜಾರಿ ಹೊರಗೆ ಬಂತು. ಮುಕ್ಕಾಲು ಗಂಟೆಯಾಯಿತು. ಹೊರಗೆ ಅಜ್ಜಿ, "ಇವ್ಳು ಒಳಗೇ ಬೆಂದು ಹೋದ್ಲೋ ಏನೋ ನೋಡೇ" ಅಂತ ಅಮ್ಮನಿಗೆ ಹೇಳುವುದು ಕೇಳಿಸುತ್ತಿತ್ತು.

ನೀವು ಹೇಳಿದಂತೆ ನಲ್ಲಿ ನೀರು, ಒಂಬತ್ತು ನಿಮಿಷ. ತೆರೆದು ನೋಡಿದರೆ ಫಿಲ್ಮಿನ ಮೇಲಿನ ಪದರ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಜಾರುತ್ತಿತ್ತು. ಬೆರಳಿಟ್ಟಲ್ಲೆಲ್ಲ ಎದ್ದು ಬಂತು. ಅತ್ತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ತುದಿಯಲ್ಲಿ ಒಂದು ಚೌಕ ಕಂಡಿತು. ಕೆಳಗಿನ ನೂಡಲ್ಸ್ ಗಾಡಿಯವನು, ಬಾಣಲೆಯಿಂದ ಎದ್ದ ಬೆಂಕಿ, ಅವನ ಹುಬ್ಬು! ಹುಬ್ಬಿನ ಒಂದೊಂದು ಕೂದಲನ್ನೂ ಎಣಿಸಬಹುದು! ಏನೂ ಇಲ್ಲದ ನೀರಿನಿಂದ ಒಬ್ಬ ಮನುಷ್ಯ ಎದ್ದು ಬಂದ ಆಕೂ. ನೀವು ಇದನ್ನು ದಿನವೂ ನೋಡುತ್ತಿದ್ದಿರಲ್ಲ, ಅದು ಹೇಗೆ ಬಿಟ್ಟು ಹೋದಿರಿ?

ಶಾಲೆಯಿಂದ ಥರ್ಮಾಮೀಟರ್ ತಂದು ನೋಡಿದೆ. ನಮ್ಮ ನಲ್ಲಿ ನೀರು ಇಪ್ಪತ್ತೊಂಬತ್ತು ಡಿಗ್ರಿ. ಪೊಟ್ಟಣದ ಮೇಲೆ ಇಪ್ಪತ್ತು ಎಂದಿದೆ. ಇದಕ್ಕೇ ಹೀಗಾಯಿತೇ?

ಇನ್ನೊಂದು ವಿಚಿತ್ರ. ನಾನು ಬೀರುವಿನಿಂದ ಹೊರಗೆ ಬರುವಾಗ ಅಮ್ಮನ ಹೊಲಿಗೆ ಯಂತ್ರ ನಿಂತಿತ್ತು. ಶಾಲೆಯ ಯೂನಿಫಾರ್ಮ್ ಹೊಲಿಯುವ ಈ ದಿನಗಳಲ್ಲಿ ಅದು ನಿಲ್ಲುವುದೇ ಇಲ್ಲ. ಅಡುಗೆಮನೆಯ ಬೇಸಿನ್ನಿನಲ್ಲಿ ಒಂದು ದೊಡ್ಡ ಐಸ್ ಗಡ್ಡೆ. "ಇದ್ಯಾಕಮ್ಮ?" ಅಂದರೆ "ಸುಮ್ನೆ" ಅಂದಳು. ಅಜ್ಜಿಗೆ ತಣ್ಣೀರು ಆಗುವುದಿಲ್ಲ, ಅಪ್ಪ ಹಡಗಿನಿಂದ ಬರುವುದು ಡಿಸೆಂಬರಿನಲ್ಲಿ. ಅವಳಿಗೇ ಸೆಖೆ ತಡೆಯಲಾಗಲಿಲ್ಲವೇನೋ. ಅಂದ ಹಾಗೆ, ಫಿಲ್ಮ್ ತೊಳೆಯಲು ಐಸ್ ಬಳಸಬಹುದೇ?

ಪೇಕ್ ಹೂನ್


ಸಂಡಕಾನ್
ಆಗಸ್ಟ್ 3, 1983

ಹೂನ್,

ಮೊದಲ ಸಲಕ್ಕೆ ಒಂದು ಬಂದಿದೆಯೆಂದರೆ ಜಾಣೆ.

ಪೊಟ್ಟಣದ ಮೇಲೆ ಇಪ್ಪತ್ತು ಎಂದಿದ್ದರೆ ಇಪ್ಪತ್ತೇ. ಐಸ್ ಹಾಕು. ಹೇಳಲು ಮರೆತಿದ್ದೆ. ಒಣಗಿಸುವಾಗ ಗಾಳಿಯಾಡುವ ಕಡೆ ನೇತುಹಾಕು. ಕಿಟಕಿಯಾಚೆ ಬಟ್ಟೆ ಒಣಗಿಸುವ ಬಿದಿರ ಗಳ ಇದೆಯಲ್ಲ, ಅದೇ ಸಾಕು.

ಇಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲಾರೆ.

ಅಮ್ಮ ಐಸ್ ತಂದಿಟ್ಟಾಗ ಬೇರೆ ಏನಾದರೂ ಹೇಳಿದಳೇ? ನನ್ನ ವಿಷಯ?

ಆಕೂ


ಪಿನಾಂಗ್
ಆಗಸ್ಟ್ 14, 1983

ಆಕೂ,

ನಿಮ್ಮ ಪತ್ರ ಎಷ್ಟು ಚಿಕ್ಕದು! ಮರದ ದಿಮ್ಮಿಗೆ ಹೊಡೆಯುವ ನಂಬರಿನ ಹಾಗಿತ್ತು. ಇರಲಿ, ಕ್ಷಮಿಸಿದ್ದೇನೆ, ಯಾಕೆಂದರೆ ಇವತ್ತು ನಾನು ಇಡೀ ಜಗತ್ತನ್ನೇ ಕ್ಷಮಿಸಬಲ್ಲೆ.

ಎರಡನೇ ಫಿಲ್ಮಿಗೆ ಐಸನ್ನು ಡೆವಲಪರಿಗೇ ಹಾಕಿದೆ. ಕರಗಿ ಔಷಧಿಯೆಲ್ಲ ನೀರುನೀರಾಗಿ, ಚಿತ್ರಗಳು ಇದ್ದೂ ಇಲ್ಲದ ಹಾಗೆ ಬಂದವು. ಮೂರನೆಯದಕ್ಕೆ ಔಷಧಿಯ ಜಾಡಿಯನ್ನು ಐಸ್ ತುಂಬಿದ ಬೇಸಿನ್ನಿನಲ್ಲಿಟ್ಟೆ. ಬೇಸಿನ್ನು ಆಗಲೇ ಅಲ್ಲಿ ತಯಾರಿತ್ತು. ಅಮ್ಮನಿಗೆ ಈಚೆಗೆ ಐಸಿನ ಹುಚ್ಚು ಹಿಡಿದಿದೆ. ತೆರೆದರೆ ಮೂವತ್ತಾರಕ್ಕೆ ಮೂವತ್ತಾರು! ಒಂದಕ್ಕಿಂತ ಒಂದು! ನಾನು ಕುಣಿದದ್ದಕ್ಕೆ ಕೆಳಗಿನ ಮನೆಯವರು ಪೊರಕೆಯಿಂದ ಚಾವಣಿಗೆ ಕುಟ್ಟಿದರು.

ನೀವು ಹೇಳಿದಂತೆ ಬಿದಿರ ಗಳಕ್ಕೆ ನೇತುಹಾಕಿದೆ. ನೀವೂ ಮರೆತಿರಿ, ನಾನೂ ಮರೆತೆ: ಇದು ಪ್ರೇತಗಳ ತಿಂಗಳು! ಕೆಳಗೆ ಅಂಗಳದಲ್ಲಿ ಏಳೆಂಟು ಮನೆಯವರು ಸೇರಿ ಕಾಗದದ ಬಟ್ಟೆ, ಕಾಗದದ ಮನೆ, ಕಾಗದದ ನೋಟು ರಾಶಿ ಹಾಕಿ ಸುಡುತ್ತಿದ್ದರು. ಬೂದಿಯೆಲ್ಲ ನೇರ ನಮ್ಮ ಒಂಬತ್ತನೇ ಮಹಡಿಗೆ ಬಂದು ಒದ್ದೆ ಫಿಲ್ಮಿಗೆ ಮೆತ್ತಿಕೊಂಡಿತು. ಸತ್ತವರಿಗೆ ಕಳಿಸಿದ್ದು ನನಗೆ ತಲುಪಿತು ನೋಡಿ! ನಾನು ಬಾಯಿಂದ ಊದಿ ಊದಿ ಕೈಯಲ್ಲಿ ಒರೆಸಲು ಹೋದೆ.

"ಮುಟ್ಬೇಡ." ಅಮ್ಮ ಹಿಂದೆಯೇ ನಿಂತಿದ್ದಳು. "ಒರೆಸಿದ್ರೆ ಗೀರು ಬೀಳುತ್ತೆ. ಮತ್ತೆ ನೀರಲ್ಲಿ ನೆನೆಹಾಕು. ಬಚ್ಚಲಲ್ಲಿ ಬಿಸಿನೀರು ಸುರಿದು ಹಬೆ ಮಾಡು, ಧೂಳು ಕೂತ್ಕೊಳ್ಳುತ್ತೆ. ಹಬೆ ಇಳಿದ್ಮೇಲೆ ಅಲ್ಲಿ ನೇತುಹಾಕಿ ಬಾಗಿಲು ಮುಚ್ಚು." ಹೇಳಿ, ಫಿಲ್ಮನ್ನು ಅಂಚಿನಲ್ಲಿ ಹಿಡಿದು ಆಕಾಶಕ್ಕೆ ಎತ್ತಿ ಬಹಳ ಹೊತ್ತು ನೋಡಿದಳು. ನಾನು ಬೈಗುಳಕ್ಕೆ ಕಾದೆ. ಬೈಯದೆ ಹೋಗಿ ಯಂತ್ರ ತುಳಿಯತೊಡಗಿದಳು. ಅರ್ಧಕ್ಕರ್ಧ ಫಿಲ್ಮು ಉಳಿಯಿತು. ಸೀಸೆ ತೊಳೆದವಳಿಗೂ ನೋಡಿ ನೋಡಿ ಇಷ್ಟೆಲ್ಲ ಗೊತ್ತಾಗಿಬಿಟ್ಟಿದೆ!

ಇನ್ನು ಇರುವುದು ಅಜ್ಜಿಯ ಫಿಲ್ಮು. ಅದಕ್ಕೆ ಎರಡನೇ ಸಲ ಎಂಬುದಿಲ್ಲ. ಮುಖ್ಯವಾದ ಫಿಲ್ಮುಗಳನ್ನು, ಮದುವೆಯ ಫಿಲ್ಮುಗಳನ್ನು ನೀವು ಹೇಗೆ ತೊಳೆಯುತ್ತಿದ್ದಿರಿ? ಒಂದನ್ನೂ ಬಿಡದೆ ಬರೆಯಿರಿ.

ಪೇಕ್ ಹೂನ್


ಪಿನಾಂಗ್
ಆಗಸ್ಟ್ 31, 1983

ಆಕೂ,

ಇವತ್ತು ಸ್ವಾತಂತ್ರ್ಯದ ದಿನ, ಅಂಗಡಿಗೆ ರಜೆ. ಅಂಚೆಯವನಿಗೂ ರಜೆ ಎಂಬುದನ್ನು ಮರೆತು ಮೂರು ಸಲ ಕೆಳಗಿಳಿದು ಬಂದೆ. ಯಾಕೆ ಬರೆಯಲಿಲ್ಲ? ನಾನೇನಾದರೂ ತಪ್ಪು ಕೇಳಿದೆನೇ?

ಇನ್ನು ಏಳು ದಿನ. ಅಜ್ಜಿ ನೀಲಿ ರವಿಕೆಗೆ ಗಂಜಿ ಹಾಕಿಸಿಟ್ಟಿದ್ದಾಳೆ. ನನಗೆ ಭಯವೂ ಆಗುತ್ತಿದೆ, ಕಾಯಲೂ ಆಗುತ್ತಿಲ್ಲ.

ಹೂನ್


ತಂತಿ
ಸಂಡಕಾನ್, ಸೆಪ್ಟೆಂಬರ್ 6, 1983

ಅಜ್ಜಿ ಫಿಲ್ಮ್ ನೀನು ತೊಳೆಯಬೇಡ. ಅಮ್ಮನಿಗೆ ಕೊಡು. ಪತ್ರ ಬರುತ್ತಿದೆ. ಬೂನ್ ಟಾಟ್.


ಸಂಡಕಾನ್
ಸೆಪ್ಟೆಂಬರ್ 6, 1983

ಹೂನ್,

ತಂತಿ ಕಳಿಸಿ ಅಂಚೆ ಕಚೇರಿಯ ಬೆಂಚಿನ ಮೇಲೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಎದ್ದು ಹೋದರೆ ಮತ್ತೆ ಬರೆಯಲಾರೆ ಎಂದು ನನಗೆ ಗೊತ್ತು.

ನಾನು ಜೀವನದಲ್ಲಿ ಒಂದು ಫಿಲ್ಮನ್ನೂ ತೊಳೆದಿಲ್ಲ.

ನಾನು ಫೋಟೋ ತೆಗೆಯುತ್ತಿದ್ದೆ, ನಗುತ್ತಿದ್ದೆ, ಹೊಗಳಿಸಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಕತ್ತಲೆ ಕೋಣೆಯಲ್ಲಿದ್ದವಳು ನಿನ್ನ ಅಮ್ಮ. ನಿನಗೆ ಬರೆದದ್ದೆಲ್ಲ ಬಾಗಿಲಾಚೆಯಿಂದ ಕೇಳಿಸಿಕೊಂಡದ್ದು. ಸ್ಟುಡಿಯೋಗೆ ದಿನವೂ ಬೆಳಿಗ್ಗೆ ಒಂದು ಐಸ್ ಗಡ್ಡೆ ಬರುತ್ತಿತ್ತು. ಅಕ್ಕನಿಗೆ ತಣ್ಣೀರು ಇಷ್ಟ ಅಂತ ನಾನು ಹನ್ನೊಂದು ವರ್ಷವೂ ಅಂದುಕೊಂಡಿದ್ದೆ. ಅದು ಯಾಕೆಂದು ನಿನ್ನ ಜುಲೈ ಪತ್ರ ಓದಿದಾಗ ತಿಳಿಯಿತು. ನಾಚಿಕೆಯಾಯಿತು, ಆದರೂ 'ಹೇಳಲು ಮರೆತಿದ್ದೆ' ಎಂದು ಬರೆದೆ.

ಮದುವೆಯ ಫಿಲ್ಮುಗಳ ವಿಷಯ ಕೇಳಿದ್ದೀಯ. ಹದಿನೈದು ವರ್ಷದ ಹಿಂದೆ ಗೈಕ್ ಸಿಮ್ ಎಂಬ ಹುಡುಗಿಯ ಮದುವೆ. ಹಿರಿಯರಿಗೆ ಚಹಾ ಕೊಡುವ ಶಾಸ್ತ್ರ ಮುಗಿದಿತ್ತು, ಊಟ ಶುರುವಾಗುವುದರಲ್ಲಿತ್ತು. ಫಿಲ್ಮನ್ನು ಮುಂದಕ್ಕೆ ಸರಿಸುವ ಕ್ಯಾಮೆರಾದ ಸನ್ನೆಕೋಲು ಬಿಗಿಯಾಯಿತು. ಫಿಲ್ಮು ಮುಗಿದು ಸುತ್ತಿಕೊಂಡಿದೆ ಎಂದು ಭಾವಿಸಿ ಹಿಂದಿನ ಬಾಗಿಲು ತೆರೆದುಬಿಟ್ಟೆ, ಆ ಹಗಲು ಬೆಳಕಿನಲ್ಲಿ. ತಕ್ಷಣ ಮುಚ್ಚಿದೆ. ಯಾರೂ ನೋಡಲಿಲ್ಲ. ಏನೂ ಆಗಿಲ್ಲವೆಂಬಂತೆ ಊಟದ ಚಿತ್ರಗಳನ್ನೂ ತೆಗೆದು ಫಿಲ್ಮನ್ನು ಅಕ್ಕನ ಕೈಗಿತ್ತೆ.

ಮದುಮಗಳ ಮನೆಯವರು ಬಂದು ಅಂಗಡಿಯ ಮುಂದೆ ನಿಂತಿದ್ದರು. ಅಕ್ಕ ಕಪ್ಪಾದ ಫಿಲ್ಮ್ ಹಿಡಿದು ಹೊರಗೆ ಬಂದಳು. ಅಪ್ಪ ನನ್ನ ಕಡೆ ತಿರುಗಿದರು. ನಾನು ಅಂದೆ, "ಅಕ್ಕ ಒಳಗಡೆ ದೀಪ ಹಾಕಿರ್ಬೇಕು."

ಅವಳು ನನ್ನನ್ನು ನೋಡಿದಳು. ಅಪ್ಪ ಎಲ್ಲರೆದುರು ಅವಳ ಕೆನ್ನೆಗೆ ಹೊಡೆದು, ಇನ್ನು ಆ ಕೋಣೆಗೆ ಕಾಲಿಡಬೇಡ ಎಂದರು. ಅವಳ ಜಾಗಕ್ಕೆ ಬಂದವನಿಗೆ ಕೆಲಸ ಬರುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಅಂಗಡಿ ಮುಚ್ಚಿತು. ನಾನು ಸಮುದ್ರ ದಾಟಿ ಇಲ್ಲಿಗೆ ಓಡಿ ಬಂದೆ. ಓಡಿ ಬಂದೆ ಎಂಬುದೇ ಸರಿಯಾದ ಮಾತು.

ನಿನ್ನ ಕೊನೆಯ ಎರಡು ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ದಿನ ದೂಡಿದೆ. ನನ್ನ ಬಡಾಯಿ ನಂಬಿ ನೀನು ನನ್ನ ಅಮ್ಮನ ಆ ಒಂದೇ ಫೋಟೋ ಹಾಳು ಮಾಡಿಕೊಂಡರೆ, ಅದು ನಾನು ಅದೇ ಮನೆಗೆ ಎರಡನೇ ಸಲ ಮಾಡಿದ ಮೋಸ. ಈ ಪತ್ರವನ್ನು ಅಮ್ಮನಿಗೆ ತೋರಿಸು. ತೋರಿಸಬೇಡ ಎಂದು ಬರೆಯಲು ಕೈ ಹೋಗುತ್ತಿದೆ, ಆದರೂ ತೋರಿಸು.

ಬೂನ್ ಟಾಟ್


ಪಿನಾಂಗ್
ಸೆಪ್ಟೆಂಬರ್ 8, 1983

ಆಕೂ,

ಮೊದಲು ಜಗಳ. ಮೂರು ವಾರ ಒಂದಕ್ಷರ ಬರೆಯದೆ, ಕೊನೆಗೆ ಅಂಥ ತಂತಿ ಕಳಿಸುವುದೇ? ಓದಿ ಮೈಯೆಲ್ಲ ಉರಿಯಿತು. ನನ್ನ ಮೇಲೆ ನಿಮಗೆ ನಂಬಿಕೆಯಿಲ್ಲ ಎಂದು ಅರ್ಥವಾಯಿತು. ಸೀಸೆ ತೊಳೆಯುವವಳಿಗೆ ಕೊಡಬೇಕಂತೆ, ನನಗಿಂತ ಅವಳೇ ವಾಸಿಯಂತೆ! ತಂತಿಯನ್ನು ಜೇಬಿಗೆ ತುರುಕಿ, ಯಾರಿಗೂ ಹೇಳದೆ, ನಾನೇ ತೊಳೆದು ನಿಮಗೆ ಬುದ್ಧಿ ಕಲಿಸಬೇಕು ಅಂದುಕೊಂಡೆ.

ನಿನ್ನೆ ಬೆಳಿಗ್ಗೆ ಅಜ್ಜಿ ಕಿಟಕಿಯ ಪಕ್ಕ ಕೂತಳು. ನೀಲಿ ರವಿಕೆ, ಎಣ್ಣೆ ಹಚ್ಚಿ ಕಟ್ಟಿದ ತುರುಬು, ಕೈಯಲ್ಲಿ ಜೇಡ್ ಬಳೆ. ಹನ್ನೆರಡು ತೆಗೆಯುವಷ್ಟರಲ್ಲಿ "ಸಾಕು, ಕಾಲು ಜೋಮು ಹಿಡೀತು" ಅಂತ ಎದ್ದೇಬಿಟ್ಟಳು. ಮತ್ತೆ ಕೂರು ಎಂದರೆ ಕಿವಿಯೇ ಕೇಳಿಸುವುದಿಲ್ಲ.

ಬೀರುವಿಗೆ ನುಗ್ಗಿ ಕಂಬಳಿ ಹೊದ್ದೆ. ಫಿಲ್ಮನ್ನು ಡಬ್ಬಿಯಿಂದ ಹೊರಗೆಳೆದೆ, ಚಕ್ರಕ್ಕೆ ಕೊಟ್ಟೆ. ಮೂರು ಸುತ್ತು ಹೋಗಿ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಳೆದರೆ ಮಡಿಚಿಕೊಳ್ಳುವ ಸದ್ದು. ಅಂಗೈಯೆಲ್ಲ ಬೆವರು. ಕಂಬಳಿ ಸರಿಸಿದರೆ ಬೆಳಕು ಬಿದ್ದು ಅಜ್ಜಿ ಹೋದಳು. ಸರಿಸದಿದ್ದರೆ ನನ್ನ ಕೈಯಲ್ಲೇ ಹರಿದು ಹೋಗುತ್ತಾಳೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಕೊನೆಗೆ ಜಂಬವೆಲ್ಲ ಇಳಿದು "ಅಮ್ಮಾ!" ಅಂತ ಕಿರುಚಿದೆ.

ಯಂತ್ರ ನಿಂತಿತು. ಕಿಟಕಿ ಮುಚ್ಚುವ ಸದ್ದು, ಪರದೆ ಎಳೆಯುವ ಸದ್ದು, ಬಾಗಿಲ ಸಂದಿಗೆ ಬಟ್ಟೆ ತುರುಕುವ ಸದ್ದು. "ಅಲುಗಬೇಡ, ಬಂದೆ." ಕಂಬಳಿಯ ಅಂಚಿನಿಂದ ಅಮ್ಮ ಒಳಗೆ ನುಸುಳಿದಳು. "ಜರುಗು. ಕೈ ಕೊಡು. ಥೂ, ಇದೇನು ಕೈಯೋ ಬಚ್ಚಲೋ!"

ಆಮೇಲೆ ನಡೆದದ್ದು ನನಗೆ ಕಾಣಿಸಲಿಲ್ಲ, ಕೇಳಿಸಿತು. ಫಿಲ್ಮ್ ಹಿಂದಕ್ಕೆ ಬಂದ ಸದ್ದು. ಕತ್ತರಿಯಿಂದ ಎರಡು ಮೂಲೆ ಸವರಿದ ಸದ್ದು. ಮೆಲ್ಲಗೆ ಒಂದೇ ಸಮನೆ ಸರಸರ. ನಾನು ಹತ್ತು ಎಣಿಸುವಷ್ಟರಲ್ಲಿ ಟ್ಯಾಂಕಿನ ಮುಚ್ಚಳ ಕಟ್ ಎಂದಿತು. "ಆಯ್ತು, ಉಸಿರಾಡು" ಅಂದಳು. ಕಂಬಳಿ ತೆಗೆದಾಗ ಅವಳ ಮುಖ ಕೆಂಪಾಗಿತ್ತು. ನನ್ನ ಅಮ್ಮ ಅಷ್ಟು ಚೆಂದವಾಗಿ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ.

ಥರ್ಮಾಮೀಟರ್ ಕೊಟ್ಟರೆ ಬೇಡವೆಂದಳು. ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟುಕೊಂಡು "ಇನ್ನೊಂಚೂರು ಐಸು" ಅಂದಳು. ನಾನು ಆಮೇಲೆ ಅಳೆದು ನೋಡಿದೆ, ಸರಿಯಾಗಿ ಇಪ್ಪತ್ತು! ಟ್ಯಾಂಕನ್ನು ಮಾತ್ರ ನನ್ನ ಕೈಗೇ ಕೊಟ್ಟಳು. "ನೀನೇ ತೊಳಿ. ನಿನ್ನಜ್ಜಿ ನಿಂಗೆ ಅಂತ ಕೂತಿದ್ದು." ಪಕ್ಕದಲ್ಲಿ ನಿಂತು, "ಈಗ ತಿರುಗಿಸು. ಈಗ ಬಿಡು. ಈಗ ತಿರುಗಿಸು" ಅನ್ನುತ್ತಿದ್ದಳು, ಗಡಿಯಾರದ ಕಡೆ ನೋಡದೆಯೇ.

ಹನ್ನೆರಡಕ್ಕೆ ಹನ್ನೆರಡೂ ಬಂದಿವೆ ಆಕೂ!! ಹನ್ನೆರಡೂ! ಐದನೆಯದರಲ್ಲಿ ಅಜ್ಜಿ ಏನೋ ಬೈಯಲು ಬಾಯಿ ತೆರೆದು ನಗುತ್ತಿದ್ದಾಳೆ, ಗಲ್ಲದ ಮಚ್ಚೆಯೂ ಇದೆ, ಮೂಗೂ ಅವಳದೇ. ನೆಗೆಟಿವ್ ತೋರಿಸಿದರೆ ಅದರಲ್ಲಿ ಬಿಳಿಕೂದಲು ಕಪ್ಪಾಗಿ ಕಾಣುತ್ತದಲ್ಲ, "ಇದೇ ಚೆನ್ನಾಗಿದೆ, ಇಪ್ಪತ್ತು ವರ್ಷ ಕಮ್ಮಿ ಕಾಣ್ತೀನಿ, ಇದನ್ನೇ ಇಡಿ" ಅಂತ ಹಟ ಹಿಡಿದಿದ್ದಾಳೆ.

ಎಲ್ಲ ಮುಗಿದ ಮೇಲೆ ತಂತಿಯನ್ನು ಅಮ್ಮನಿಗೆ ತೋರಿಸಿದೆ. ಎರಡು ಸಲ ಓದಿದಳು. "ಅವ್ನೇ ಕಳ್ಸಿದ್ನಾ? ಬೂನ್ ಟಾಟಾ?" ಅಂದಳು. ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಕೇಳಿದ್ದಕ್ಕೆಲ್ಲ "ಅವನ್ನೇ ಕೇಳು" ಎಂಬ ಒಂದೇ ಉತ್ತರ.

ಕೇಳುತ್ತಿದ್ದೇನೆ. ನಮ್ಮ ಸ್ಟುಡಿಯೋದಲ್ಲಿ ಫಿಲ್ಮ್ ತೊಳೆಯುತ್ತಿದ್ದವರು ಯಾರು ಆಕೂ?

ಹೂನ್


ಪಿನಾಂಗ್
ಸೆಪ್ಟೆಂಬರ್ 19, 1983

ಬೂನ್ ಟಾಟ್,

ಹೂನ್ ನಿನ್ನ ಪತ್ರವನ್ನು ನನ್ನ ಯಂತ್ರದ ಮೇಲಿಟ್ಟು ಒಲೆಯ ಹತ್ತಿರ ಹೋಗಿ ನಿಂತಳು. ಓದಿದೆ. ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಎಲೆಯಡಿಕೆ ಉಗಿದು ಬಂದು, "ಹನ್ನೊಂದು ವರ್ಷ ನೀನು ತೊಳೀತಿದ್ದದ್ದು ಬರೀ ಸೀಸೆ ಅಂದ್ಕೊಂಡಿದ್ನಲ್ಲೇ" ಎಂದು ನನ್ನ ಕೈ ಹಿಡಿದುಕೊಂಡು ಕೂತಳು.

ಒಂದು ವಿಷಯದಲ್ಲಿ ನೀನು ತಪ್ಪು ತಿಳಿದಿದ್ದೀಯ. ಹದಿನೈದು ವರ್ಷ ನನ್ನಿಂದ ಮುಚ್ಚಿಟ್ಟೆ ಎಂದುಕೊಂಡಿದ್ದೀಯ. ಆ ಫಿಲ್ಮು ಹೈಪೋದಿಂದ ಮೇಲೆದ್ದ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಮೊದಲಿನ ಇಪ್ಪತ್ತೆಂಟು ಚೌಕ ಇದ್ದಿಲಿನಷ್ಟು ಕಪ್ಪು. ಕೊನೆಯ ಎಂಟು, ಊಟದ ಹೊತ್ತಿನವು, ಸ್ವಚ್ಛ. ನಾನು ದೀಪ ಹಾಕಿದ್ದರೆ ಮೂವತ್ತಾರೂ ಕಪ್ಪಾಗಬೇಕಿತ್ತು. ನೀನು ಕ್ಯಾಮೆರಾ ತೆರೆದಾಗ ಆ ಎಂಟು ಇನ್ನೂ ಡಬ್ಬಿಯೊಳಗೆ ಭದ್ರವಾಗಿದ್ದವು, ಅದಕ್ಕೇ ಉಳಿದವು. ಅದನ್ನು ಯಾರಿಗೆ ತೋರಿಸಿದರೂ ತಪ್ಪು ನಿನ್ನದೆಂದು ಗೊತ್ತಾಗುತ್ತಿತ್ತು. ಹೊರಗೆ ಅಪ್ಪನ ಕೂಗು ಕೇಳಿಸುತ್ತಿತ್ತು. ನೀನು ಒಬ್ಬನೇ ಮಗ, ಬೋರ್ಡಿನ ಮೇಲೆ ನಿನ್ನ ಹೆಸರು. ಕತ್ತರಿ ತೆಗೆದು ಆ ಎಂಟನ್ನು ಕತ್ತರಿಸಿ ರವಿಕೆಯೊಳಗೆ ಹಾಕಿಕೊಂಡೆ. ಫಿಲ್ಮೇ ಕೆಟ್ಟಿತ್ತು ಎಂದು ಹೇಳೋಣ, ಇಬ್ಬರೂ ಉಳಿಯುತ್ತೇವೆ ಎಂದು ಬಾಗಿಲು ತೆರೆದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ನನ್ನ ಹೆಸರು ಹೇಳಿಬಿಟ್ಟಿದ್ದೆ.

ಅಪ್ಪನ ಏಟು ಮರೆತೆ. ಆ ಮಾತು ಮರೆಯಲಿಲ್ಲ. ನಿಜ ಹೇಳಬೇಕೆಂದರೆ, ನಿನ್ನನ್ನು ಬಹಳ ವರ್ಷ ದ್ವೇಷಿಸಿದೆ. ಆದರೆ ನಿನ್ನ ತಂತಿ ನೋಡಿದ ದಿನ, ಇವನಿಗೆ ಕೊನೆಗೂ ಬಾಯಿ ಬಂತಲ್ಲ ಎಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೇ ಅತ್ತೆ.

ಈಗ ನನ್ನ ತಪ್ಪು ಕೇಳು. ಆ ಎಂಟು ಚೌಕ ನನ್ನ ಗುಂಡಿಗಳ ಡಬ್ಬಿಯಲ್ಲೇ ಇದ್ದವು. ಗೈಕ್ ಸಿಮ್ ಸಂತೆಯಲ್ಲಿ ತೋಫು ಮಾರುತ್ತಾಳೆ. ಅವಳ ಕಣ್ಣಿಗೆ ಬೀಳಬಾರದೆಂದು ನಾನು ಇಷ್ಟು ವರ್ಷವೂ ತೋಫುವಿಗೆ ಎರಡು ಬಸ್ ಬದಲಿಸಿ ದೂರ ಹೋಗಿದ್ದೇನೆ. ಹೋದ ವರ್ಷ ಅವಳ ಗಂಡ ತೀರಿಕೊಂಡ. ಅಂತ್ಯಕ್ರಿಯೆಗೆ ಹೋಗಿದ್ದೆ. ಪೀಠದ ಮೇಲೆ ಇಡಲು ಒಂದೂ ಸರಿಯಾದ ಫೋಟೋ ಇಲ್ಲದೆ ಗುರುತಿನ ಚೀಟಿಯ ಮುಖವನ್ನು ದೊಡ್ಡದು ಮಾಡಿಸಿ ಇಟ್ಟಿದ್ದರು, ಮಸುಕು ಮಸುಕು. ಅದಕ್ಕೆ ಕೈಮುಗಿದು ಮನೆಗೆ ಬಂದೆ. ಆಗಲೂ ಡಬ್ಬಿ ತೆರೆಯಲಿಲ್ಲ. ಇದರ ಪಾಪ ನಿನ್ನದಲ್ಲ, ನನ್ನದು.

ನಿನ್ನೆ ಹೂನ್ ಶಾಲೆಯ ಫೋಟೋ ಸಂಘದ ಕೋಣೆಗೆ ನನ್ನನ್ನು ಕರೆದುಕೊಂಡು ಹೋದಳು. ಅಮ್ಮನ ಫೋಟೋ ದೊಡ್ಡದು ಮಾಡಿದೆವು, ನಿನ್ನ ಪ್ರತಿ ಇದರ ಜೊತೆಗಿದೆ. ಆಮೇಲೆ ಆ ಎಂಟನ್ನೂ ಮಾಡಿದೆವು. ಕೆಂಪು ದೀಪದಲ್ಲಿ ಕಾಗದದ ಮೇಲೆ ಗೈಕ್ ಸಿಮ್‌ಳ ಗಂಡ ಮೇಲೆದ್ದು ಬಂದ. ಇಪ್ಪತ್ತಮೂರರ ಹುಡುಗ, ಕಾಲರು ಸಡಿಲಾಗಿದೆ, ಗೈಕ್ ಸಿಮ್ ಚಾಪ್‌ಸ್ಟಿಕ್ಕಿನಲ್ಲಿ ಬಾಯಿಗಿಟ್ಟ ತುತ್ತು ಅಗಿಯಲಾಗದೆ ನಗುತ್ತಿದ್ದಾನೆ. ಎಷ್ಟು ಒಳ್ಳೆಯ ಫೋಟೋ ತೆಗೆದಿದ್ದೆ ಕಣೋ ನೀನು! ಹೂನ್ ಕಿರುಚಿಕೊಂಡಳು, ನಾನೂ ಕಿರುಚಿದೆ, ಮೇಷ್ಟ್ರು ಗಾಬರಿಯಾಗಿ ಬಾಗಿಲು ತಟ್ಟಿದರು.

ಎಂಟೂ ಒಂದು ಲಕೋಟೆಯಲ್ಲಿ ತಯಾರಿವೆ. ಅಂಚೆಗೆ ಹಾಕುವುದಿಲ್ಲ, ಹೂನ್ ಕೈಲಿ ಕಳಿಸುವುದೂ ಇಲ್ಲ. ನೀನು ಬಾ. ಡಿಪೋದಲ್ಲಿ ರಜೆ ಕೊಡಲಿಲ್ಲ, ಹಡಗು ಸಿಗಲಿಲ್ಲ ಎಂದು ಬರೆದರೆ ನಾನೇ ಬಂದು ಕಿವಿ ಹಿಡಿದು ಎಳೆತರುತ್ತೇನೆ. ಗೈಕ್ ಸಿಮ್‌ಳ ಮನೆಯ ಬಾಗಿಲು ನಾನು ತಟ್ಟುತ್ತೇನೆ. ಮಾತು ನೀನು ಆಡಬೇಕು.

ಅಕ್ಕ
ಸಿಯೂ ಇಮ್